ಮುನ್ನುಡಿಗೆ ಮೊದಲು

ಮೇಷ್ಟ್ರಿಗೆ ನಮಸ್ಕಾರಗಳು.

ಕ್ಷಮೆಯ ಬಗ್ಗೆ ಬರೆದ ನಿಮ್ಮ ಪುಸ್ತಕದ ಮರುಮುದ್ರಣಕ್ಕೆ ಮುನ್ನುಡಿ ಕೇಳಿದ್ದೀರಿ. ನಿಜವಾದ ಕ್ಷಮೆ ಮರೆವಿನಲ್ಲಿ ಮುಗಿಯುತ್ತದೆ ಎಂಬ ನಿಮ್ಮ ವಾದವನ್ನು ಹತ್ತೊಂಬತ್ತು ವರ್ಷ ಪಾಠ ಮಾಡಿದ್ದೇನೆ. ನಂಬಿದ್ದೆನೋ, ನೀವು ಹೇಳಿದ್ದೆಂದು ಒಪ್ಪಿಕೊಂಡಿದ್ದೆನೋ, ಈಗ ಖಚಿತವಿಲ್ಲ.

ಭಾನುವಾರಗಳಂದು ಕೆಳಮನೆಯ ದರ್ಜಿ ಅಕ್ಕನ ಜೊತೆ ಕೇರಂ ಆಡುತ್ತೇನೆ, ಸೋಲುವುದೇ ಹೆಚ್ಚು. ಮೊನ್ನೆ ಆಟದ ನಡುವೆ ಅವರಿಗೆ ನಿಮ್ಮ ವಾದ ಹೇಳಿದೆ.

"ನನ್ನ ಹೊಸ ಕತ್ತರೀಲಿ ತಂಗಿ ತಗಡು ಕತ್ತರಿಸಿ ಹಾಳು ಮಾಡಿದ್ಲು. ಕ್ಷಮಿಸಿದೀನಿ, ಮರ್ತಿಲ್ಲ. ಮರ್ತೇಬಿಟ್ರೆ ಕ್ಷಮಿಸೋಕೆ ಏನ್ ಉಳೀತು ಮೇಡಂ? ನಿಮ್ಮ ಮೇಷ್ಟ್ರು ಯಾರಿಗೋ ಏನೋ ಮಾಡಿರ್ಬೇಕು, ಅದಕ್ಕೇ ಹೀಗೆ ಬರ್ದಿದಾರೆ" ಎಂದು ನಗುತ್ತಲೇ ಕೆಂಪು ಕಾಯಿ ಹಾಕಿಬಿಟ್ಟರು.

ನನಗೆ ನಗು ಬರಲಿಲ್ಲ. ಆ ಪುಸ್ತಕದ ಮೂರನೆಯ ಅಧ್ಯಾಯ, ವಿದ್ಯಾರ್ಥಿನಿಯಾಗಿದ್ದಾಗ ನಾನು ನಿಮಗೆ ತಿದ್ದಲು ಕೊಟ್ಟ ಪ್ರಬಂಧ. ವಾಕ್ಯಗಳನ್ನು ನೀವು ಚೆಂದ ಮಾಡಿದ್ದೀರಿ, ವಿಚಾರ ನನ್ನದೇ. ಅದನ್ನು ನಿಮ್ಮ ಹೆಸರಿನಲ್ಲಿ ಓದಿದ ದಿನವೇ ಕ್ಷಮಿಸಿದೆ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ನಾನು ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ.

ಮುನ್ನುಡಿ ಬರೆಯುತ್ತೇನೆ, ನಿಮ್ಮ ವಾದವನ್ನು ಏಕೆ ಒಪ್ಪುವುದಿಲ್ಲ ಎಂದೂ ಅದರಲ್ಲಿ ಬರೆಯುತ್ತೇನೆ. ಆದರೆ ಮೂರನೆಯ ಅಧ್ಯಾಯಕ್ಕೆ ನನ್ನ ಹೆಸರು ಹಾಕಿಸಬೇಕು. ಹದಿನೈದನೇ ತಾರೀಖಿನೊಳಗೆ ಪ್ರಕಾಶಕರಿಗೆ ನೀವೇ ತಿಳಿಸಿ. ಆಗದಿದ್ದರೆ ನಾನು ತಿಳಿಸುತ್ತೇನೆ. ಕೈಬರಹದ ಮೂಲ ಪ್ರತಿ ನನ್ನ ಬಳಿಯೇ ಇದೆ, ಅಂಚಿನಲ್ಲಿ ನೀವು ಬರೆದ "ಭೇಷ್" ಸಮೇತ.

ಇಂದಿಗೂ ನಿಮ್ಮ ವಿದ್ಯಾರ್ಥಿನಿ