ಸಾಕುಮರಿ

ರೀ,

ಅಂಗನವಾಡಿ ತರಬೇತಿಗೆಂದು ಮೊದಲ ಬಸ್ಸಿಗೇ ಹರಪನಹಳ್ಳಿಗೆ ಹೊರಟೆ. ಸಂಜೆ ಬರುತ್ತೇನೆ. ರೊಟ್ಟಿ ಬುಟ್ಟಿಯಲ್ಲಿವೆ. ಪಲ್ಯ ಖಾರವಾಯಿತೇನೋ, ನೇತ್ರಾಳಿಗೆ ಮೊಸರು ಹಾಕಿ ಕೊಡಿ.

ನಿನ್ನೆ ಅವಳಿಗೆ ಚಿತ್ರದ ಪುಸ್ತಕ ಓದಿ ಹೇಳುತ್ತಿದ್ದೆ. ತಾನು ಯಾರ ಹಿಂಡಿನದೆಂದು ಕುರಿಮರಿಯೊಂದು ಊರೆಲ್ಲ ಕೇಳುತ್ತಾ ಅಲೆಯುವ ಕತೆ. ಕೊನೆಗೆ ಅದಕ್ಕೆ ಹಾಲು ಕುಡಿಸಿದ ಮೇಕೆ, "ನೀನು ನನ್ನ ಸಾಕುಮರಿ" ಎನ್ನುತ್ತದೆ. ನೇತ್ರಾ ಪುಸ್ತಕ ಮುಚ್ಚಿಬಿಟ್ಟಳು.

"ಬಾಜು ಮನಿ ಈರಕ್ಕ ನನಗ ಸಾಕುಮಗಳು ಅಂದ್ಲು. ಸಾಕು ಅಂದ್ರ ಇನ್ನ ಬ್ಯಾಡ ಅಂತ ಅಲ್ಲೇನವ್ವಾ?"

ಊಟಕ್ಕೆ ಕೂತಾಗ ಹೊಟ್ಟೆ ತುಂಬಿದರೆ "ಸಾಕು" ಅನ್ನಬೇಕೆಂದು ನಾವೇ ಕಲಿಸಿದ ಮಾತು. "ಹಂಗಲ್ಲ ಹುಚ್ಚಿ" ಎಂದೆನೇ ಹೊರತು ಬಿಡಿಸಿ ಹೇಳಲು ಬರಲಿಲ್ಲ. ರಾತ್ರಿಶಾಲೆಯಲ್ಲಿ ಕಲಿತ ನನ್ನ ಕನ್ನಡ ಅಷ್ಟೇ. ಸಾಕುವುದೆಂದರೆ ಪ್ರೀತಿಯಿಂದ ಬೆಳೆಸುವುದೆಂದು ಬೆಳಗಿನವರೆಗೂ ಮಾತು ಜೋಡಿಸಿದೆ, ಯಾವುದೂ ಸರಿಯೆನಿಸಲಿಲ್ಲ.

ಈರಕ್ಕನ ಜೊತೆ ಜಗಳ ತೆಗೆಯಬೇಡಿ, ಅವಳು ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ನೇತ್ರಾಳಿಗೂ ಏನೂ ವಿವರಿಸಬೇಡಿ. ಮಧ್ಯಾಹ್ನ ಅವಳು "ಸಾಕಪ್ಪಾ" ಎಂದಾಗ ನಗುತ್ತಾ ಇನ್ನರ್ಧ ರೊಟ್ಟಿ ಹಾಕಿ. ನಮ್ಮ ಮನೆಯಲ್ಲಿ ಸಾಕು ಎಂದರೆ ಇನ್ನೂ ಬೇಕು ಎಂದೇ ಅರ್ಥವೆಂದು ಅವಳಿಗೆ ತಿಳಿಯಲಿ.

ನೇತ್ರಾಳ ಅವ್ವ