ತಣ್ಣೀರಿನ ಎಂಜೈಮ್

ನವೆಂಬರ್ 11, ಸೋಮವಾರ. ವಿದ್ಯಾಗಿರಿ, ಲ್ಯಾಬ್

ಮತ್ತೆ ಕರೆಂಟ್ ಇಲ್ಲ. ಫ್ರಿಜ್ ತೆಗೆಯಬೇಡಿ ಎಂದು ಚೀಟಿ ಅಂಟಿಸಿದ್ದರೂ ಯಾರೋ ನೀರಿನ ಬಾಟಲಿ ಇಟ್ಟಿದ್ದಾರೆ. ಕತ್ತೆಗಳು.

ಪುಣ್ಯಕ್ಕೆ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟ್‌ಗಳು ಕೆಟ್ಟಿಲ್ಲ. ಹಾಲಿನ ಡೇರಿಯ ಗಟಾರದಿಂದ ತಂದ ನನ್ನ ಬ್ಯಾಕ್ಟೀರಿಯಾ — ಇಂಥ ಬಿಸಿಲ ನಾಡಿನಲ್ಲಿ ಹುಟ್ಟಿ ಚಳಿ ಬೇಡುವ ಜಾತಿ! ಅದು ಬಿಡುವ ಎಂಜೈಮ್ ತಣ್ಣೀರಿನಲ್ಲೇ ಜಿಡ್ಡು ತಿನ್ನುತ್ತದೆ. ಮಗ್ಗದ ಎಣ್ಣೆ ಹತ್ತಿದ ಇಳಕಲ್ ಸೀರೆಯನ್ನು ಬಿಸಿನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ. ಇದರಲ್ಲಿ ಬಿಡುವುದಿಲ್ಲ. ಶಂಭು ಕಾಕಾನ ಪವರ್‌ಲೂಮ್ ನೋಡಿಯೇ ಪಿಎಚ್‌ಡಿಗೆ ಈ ವಿಷಯ ಹಿಡಿದದ್ದು.

ಒಂದೇ ತಕರಾರು. ಹಾಲು ಬೆರೆಸಿದ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾದ ಸುತ್ತ ತಿಳಿ ಉಂಗುರ. ಅಂದರೆ ಪ್ರೋಟೀನ್ ತಿನ್ನುವ ಇನ್ನೊಂದು ಎಂಜೈಮೂ ಬರುತ್ತಿದೆ. ರೇಷ್ಮೆ ಎಂದರೆ ಪ್ರೋಟೀನ್. ನಮ್ಮ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ...

ನವೆಂಬರ್ 12

ಗೈಡ್ ಸಂಗಮೇಶ ಸರ್‌ಗೆ ಪ್ಲೇಟ್ ತೋರಿಸಿದೆ. ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

"ಎರಡೂ ಬ್ಯಾರೆ ಮಾಡಾಕ ಮತ್ತೊಂದು ವರ್ಷ ಬೇಕು. ಡಿಸೆಂಬರ್‌ದಾಗ ಇಳಕಲ್‌ನ್ಯಾಗ ನೇಕಾರರ ಮುಂದ ಡೆಮೊ ಐತಿ. ಇದನ್ನ ಕೊಳ್ಳೂ ಕಂಪನಿಯವರೂ ಬರ್ತಾರ."

"ಸರ್, ಸೆರಗು ಹೋಗ್ತಾವ್ರಿ."

"ಹತ್ತು ನಿಮಿಷಕ್ಕ ಏನೂ ಆಗೂದಿಲ್ಲ. ನೀ ಭಾಳ ವಿಚಾರ ಮಾಡ್ತಿ, ಶ್ರುತಿ. ಥೀಸಿಸ್‌ಗೆ ಸಹಿ ಬೇಕೋ ಬ್ಯಾಡೋ?"

ನಗುತ್ತಲೇ ಅಂದರು. ಮೈಯೆಲ್ಲ ಉರಿಯಿತು. ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ — ತೊಳೆಯುತ್ತಿದ್ದ ಫ್ಲಾಸ್ಕ್ ಒಡೆದೆ.

ನವೆಂಬರ್ 30, ಶನಿವಾರ. ಇಳಕಲ್

ಅವ್ವ ಫೋನ್ ಮಾಡಿ ಕರೆಸಿದಳು. ಕಾಕಾನ ಪಡಸಾಲೆಯ ತುಂಬ ಸೀರೆ. ಎಣ್ಣೆ ಕಲೆ ಹೋಗಿದೆ. ಒಡಲು ಗಟ್ಟಿ. ಸೆರಗು ಮುಟ್ಟಿದರೆ ನೆನೆದ ಹಪ್ಪಳದ ಹಾಗೆ ಹರಿಯುತ್ತದೆ.

ಸರ್ ಬಂದು ಒಂದು ಕ್ಯಾನ್ ಎಂಜೈಮ್ ಕೊಟ್ಟು ಹೋಗಿದ್ದಾರೆ. ನನಗೆ ಒಂದು ಮಾತಿಲ್ಲ! ಕಾಕಾ ಕಲೆಯಾದ ಸೀರೆಗಳನ್ನೆಲ್ಲ ರಾತ್ರಿಯಿಡೀ ನೆನೆಹಾಕಿದ್ದಾನೆ.

"ನಿಮ್ಮ ಹುಡುಗೀನ ಮಾಡ್ಯಾಳ ಅಂದ್ರು. ನಿನ್ನ ಹೆಸರು ಕೇಳಿ ಹಾಕೀನಿ, ಯವ್ವಾ."

ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸರ್‌ಗೆ ಫೋನ್ ಮಾಡಿದೆ. "ಜಾಸ್ತಿ ಹೊತ್ತು ನೆನಸ್ಯಾರ. ತಪ್ಪು ಅವರದು." ಇಟ್ಟೇಬಿಟ್ಟರು. ನಾಚಿಕೆಗೆಟ್ಟ ಮನುಷ್ಯ.

ಡಿಸೆಂಬರ್ 6

ನಾಳೆ ಡೆಮೊ. ಸರ್ ಮೆಸೇಜ್: ನಿಮ್ಮ ತಾಯಿಯವರಿಗೆ ಇಳಕಲ್ ಸೀರೆ ಉಟ್ಟು ಬರಲು ಹೇಳು, ಫೋಟೊಗೆ ಚಂದ.

ಥೂ.

ಡಿಸೆಂಬರ್ 7, ಸಂಜೆ. ಇಳಕಲ್

ಬರೆಯಲೇಬೇಕು.

ಹಾಲ್ ತುಂಬಿತ್ತು. ಸರ್ ಟಬ್ಬಿನಲ್ಲಿ ಸೀರೆ ಅದ್ದಿದರು, ಕಲೆ ಹೋಯಿತು, ಚಪ್ಪಾಳೆ. ಆಗ ನಮ್ಮ ಓಣಿಯಲ್ಲಿ ಸೀರೆ ನೇಯುವ ಬೋರವ್ವ ಎದ್ದಳು.

"ಮತ್ತ ಶಂಭಣ್ಣನ ಸೆರಗು ಯಾಕ ಹರದ್ವು?"

ಸರ್ ಮೈಕಿನಲ್ಲಿ ನಕ್ಕರು. "ಅದು ನಮ್ಮ ಹುಡುಗೀದು ತಪ್ಪು. ಟೆಸ್ಟ್ ಬರೋಬ್ಬರಿ ಮಾಡಿಲ್ಲ. ಇನ್ನೂ ಕಲಿಯಾಕತ್ಯಾಳ."

ಟೆಸ್ಟ್ ಮಾಡಿಲ್ಲ! ಆ ಪ್ಲೇಟನ್ನು ಅವರ ಮೂಗಿನ ಕೆಳಗೆ ಹಿಡಿದಿದ್ದೆ. ಎದ್ದು ಎಲ್ಲ ಹೇಳಿದೆ — ಉಂಗುರ, ರೇಷ್ಮೆ, ಸಹಿಯ ಮಾತು. ಕೂಗಿಯೇ ಹೇಳಿದೆ. ಸರ್ ಮುಖ ಸುಣ್ಣವಾಯಿತು. ಗೆದ್ದೆ ಅನಿಸಿತು. ಖರೆ, ಖುಷಿಯಾಯಿತು.

ಕಾಕಾ ಸರ್ ಕಡೆ ನೋಡಲೇ ಇಲ್ಲ. ನನ್ನನ್ನೇ ಕೇಳಿದ.

"ಅಂದ್ರ ನಿನಗ ಮೊದಲ ಗೊತ್ತಿತ್ತು?"

"ಸರ್‌ಗೆ ಹೇಳಿದ್ನಿ, ಕಾಕಾ."

"ಸರ್‌ಗೆ ಹೇಳಿದಿ. ಸೀರಿ ನೇಯಾವ ಯಾರು, ಸರ್ ಏನು?"

ಕಾಕಾ ಹೆಗಲ ಮೇಲಿನ ಟವೆಲ್ ಕೊಡವಿ ಹೊರಟುಹೋದ. ಹಿಂದೆ ಬೋರವ್ವ. ಅವಳ ಹಿಂದೆ ನಮ್ಮ ಅವ್ವ.

ಸರ್ ಫೋನ್ ಮಾಡುತ್ತಲೇ ಇದ್ದಾರೆ. ಬೈಯಲು ಬೇಕಾದಷ್ಟು ಮಾತು ಕೂಡಿಸಿಟ್ಟಿದ್ದೇನೆ, ಆದರೂ ಎತ್ತುತ್ತಿಲ್ಲ. ಮೊದಲು ಕಾಕಾನ ಮನೆಗೆ ಹೋಗಬೇಕು. ನವೆಂಬರ್‌ನಲ್ಲೇ ಅವನಿಗೆ ಒಂದು ಫೋನ್ ಮಾಡಬಹುದಿತ್ತು, ಯಾಕೆ ಮಾಡಲಿಲ್ಲ ಅಂದರೆ, ನನಗೂ ಆ ಸಹಿ —