ಇಪ್ಪತ್ತಾರಕ್ಕೇ ಮುದುಕ ತಂದೆ

ಪಾರ್ಮಾ
೧೩ ನವೆಂಬರ್ ೧೯೫೮

ಪ್ರೀತಿಯ ಅಕ್ಕಾ,

ಮಠದಲ್ಲಿ ಎಲ್ಲರೂ ನಿನ್ನನ್ನು ಸಿಸ್ಟರ್ ಪ್ಲಾಚಿದಾ ಎಂದು ಕರೆಯಲಿ, ನನ್ನ ಬಾಯಿಗೆ ಅದು ಬರುವುದಿಲ್ಲ, ನನಗೆ ನೀನು ಇನೆಸ್ ಅಕ್ಕನೇ. ಮಂಡಿನೋವು ಹೇಗಿದೆ? ಆ ಕಲ್ಲುನೆಲದ ಮೇಲೆ ಪ್ರಾರ್ಥನೆಗೆ ಮಂಡಿಯೂರುವಾಗ ಒಂದು ಉಣ್ಣೆಬಟ್ಟೆಯನ್ನಾದರೂ ಹಾಸಿಕೊಳ್ಳಲು ಬಿಡುತ್ತಾರೋ ಇಲ್ಲವೋ. ಅಮ್ಮ ಆರೋಗ್ಯವಾಗಿದ್ದಾಳೆ. ಟೊಮೆಟೊ ಕಾರ್ಖಾನೆಯ ಸುಗ್ಗಿ ಮುಗಿಯಿತು, ಅವಳ ಬೆರಳುಗಳ ಕೆಂಪು ಮಾತ್ರ ಇನ್ನೂ ಹೋಗಿಲ್ಲ. ನೀನು ಮಠ ಸೇರಿದ ದಿನ ‘ನನ್ನ ಪಾಲಿಗೆ ಮಗಳು ಸತ್ಲು’ ಅಂದವಳು, ಈಗಲೂ ಹಾಗೆಯೇ ಇದ್ದಾಳೆ. ನಿನ್ನ ಪತ್ರವನ್ನು ನಾನು ಗಟ್ಟಿಯಾಗಿ ಓದುವಾಗ ಪಾತ್ರೆ ತೊಳೆಯುವ ಸದ್ದು ನಿಲ್ಲುತ್ತದೆ, ಅಷ್ಟೆ.

ಸುದ್ದಿ ಏನೆಂದರೆ, ಹೋದ ಭಾನುವಾರ ಮಧ್ಯಾಹ್ನದ ಆಟದಲ್ಲಿ ನಿನ್ನ ತಮ್ಮ ಒಪೆರಾದ ರಂಗ ಏರಿದ! ಟೆನರ್ ಆಗಬೇಕು, ಪ್ರೇಮಿಯ ಪಾತ್ರ ಹಾಡಬೇಕು ಎಂಬ ಹುಚ್ಚಿನಲ್ಲಿ ಎತ್ತರದ ಸ್ವರಗಳ ಹಿಂದೆ ಓಡಿ ಓಡಿ ನಾನು ಗಂಟಲು ಕೆಡಿಸಿಕೊಂಡದ್ದು ನಿನಗೆ ಗೊತ್ತಲ್ಲ. ಆಮೇಲೆ ಹಾಡು ಕಲಿಯಲು ಸಿನ್ಯೋರಾ ಗಂದೊಲ್ಫಿಯವರ ಮನೆಗೆ ಹೋದೆ. ಹಿಂದೆ ದೊಡ್ಡ ಗಾಯಕಿಯಾಗಿದ್ದವರು, ಈಗ ಬಾತುಕೋಳಿಯಂತೆ ನಡೆಯುತ್ತಾರೆ. ಎರಡು ಸಾಲು ಕೇಳಿ ಪಿಯಾನೋ ಮುಚ್ಚಿಬಿಟ್ಟರು. ‘ಯಾವ ಕಿವುಡನೋ ನಿನ್ನನ್ನ ಟೆನರ್ ಅಂದಿದ್ದು? ನೀನು ಬ್ಯಾರಿಟೋನ್, ದಪ್ಪ ದನಿಯವನು. ಪ್ರೇಮಿ ಆಗೋ ಯೋಗ ಇಲ್ಲ ಮಗನೇ. ಅಪ್ಪ, ಅಣ್ಣ, ಇಲ್ಲಾ ಖಳನಾಯಕ, ಇಷ್ಟೇ ನಿನ್ನ ಹಣೇಲಿ ಬರೆದಿರೋದು.’ ದಾರಿಯುದ್ದಕ್ಕೂ ಅತ್ತುಕೊಂಡು ಬಂದೆ. ಆ ಚಳಿಗಾಲವಿಡೀ ಅವರು ಒಂದು ಹಾಡನ್ನೂ ಹಾಡಗೊಡಲಿಲ್ಲ. ನೆಲದ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ದಪ್ಪ ನಿಘಂಟು ಇಟ್ಟು, ಬರೀ ಉಸಿರಾಟ. ‘ಗಂಟಲು ಬರೀ ಬಾಗಿಲು ಕಣೋ, ಮನೆ ಕೆಳಗಿದೆ.’ ಕೊನೆಗೊಂದು ಬೆಳಿಗ್ಗೆ ‘ಆ’ ಎಂದೆ. ಅದು ನನ್ನದೇ ದನಿ ಎಂದು ನಂಬಲಾಗಲಿಲ್ಲ, ಅಷ್ಟು ನಿರಾಳವಾಗಿತ್ತು. ಆ ಮುದುಕಿ ಒಳಗೆ ಹೋಗಿ ನನಗೆ ಬಿಸಿ ಸೂಪು ತಂದರು.

ಸಿಕ್ಕ ಪಾತ್ರವೂ ಮುದುಕ ತಂದೆಯದೇ! ಮನೆಯಿಂದ ಅಟ್ಟಿದ್ದ ಮಗಳ ಬಾಗಿಲಿಗೆ ಬಂದು ಕ್ಷಮೆ ಬೇಡುವ ತಂದೆ. ಆ ಕ್ಷಮೆಯ ಹಾಡು ಶುರುವಾಗುವ ಹೊತ್ತಿಗೇ ಗಡ್ಡದ ಅಂಟು ಬಿಟ್ಟುಕೊಂಡಿತು. ನಮ್ಮೂರ ಥಿಯೇಟರಿನ ಮೇಲಿನ ಗ್ಯಾಲರಿಯವರು ಸುಮ್ಮನಿರುವ ಪೈಕಿಯೇ? ‘ತಾತಾ, ಗಡ್ಡ ಜಾರ್ತಿದೆ, ಹಿಡ್ಕೋ!’ ಸಭೆಯೆಲ್ಲ ನಕ್ಕಿತು. ಏನು ತೋಚಿತೋ, ಗಡ್ಡ ಕಿತ್ತು ಜೇಬಿಗೆ ಹಾಕಿಕೊಂಡು, ಆ ಸುಳ್ಳು ಬಾಗಿಲಿಗೆ ಎದುರಾಗಿ ನಿಂತು, ಹೊಟ್ಟೆಯಾಳದಿಂದ ಹಾಡಿದೆ. ನಗು ಮೆಲ್ಲಗೆ ಅಡಗಿತು. ಮುಗಿದಾಗ ಅದೇ ಮನುಷ್ಯ ಕೂಗಿದ: ‘ಗಡ್ಡ ಇಲ್ದಿದ್ರೂ ಅಪ್ಪನೇ ಕಣಯ್ಯಾ!’ ಆಮೇಲಿನ ಚಪ್ಪಾಳೆಯನ್ನು ನಾನೇ ಬರೆದರೆ ಚೆನ್ನಾಗಿರುವುದಿಲ್ಲ. ಸಿನ್ಯೋರಾ ಮಾತ್ರ ನನ್ನ ಕೆನ್ನೆ ತಟ್ಟಿ, ‘ಕೊನೇ ಸ್ವರ ಸ್ವಲ್ಪ ಇಳೀತು. ನಾಳೆ ಹತ್ತಕ್ಕೆ ಬಾ’ ಎಂದರು. ವಸಂತಕ್ಕೆ ಇನ್ನೆರಡು ಪಾತ್ರ ಸಿಕ್ಕಿವೆ. ಎರಡೂ ಅಪ್ಪಂದಿರೇ.

ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ಕಿವಿ ಹಿಂಡಿ ನೀನು ಸ್ವರ ಓದಲು ಕಲಿಸದಿದ್ದರೆ ನಾನಿವತ್ತು ಟೊಮೆಟೊ ಡಬ್ಬಿಗಳಿಗೆ ಮುಚ್ಚಳ ಒತ್ತುತ್ತಿದ್ದೆ. ಇದನ್ನು ನಿನಗೆ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ನಿನ್ನ ಪ್ರಾರ್ಥನೆಯಲ್ಲಿ ನನ್ನ ಗಂಟಲಿಗೂ ಒಂದಿಷ್ಟು ಜಾಗವಿರಲಿ. ಮಠದ ಹಿರಿಯಮ್ಮನವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಮ್ಮ,
ಎರ್ಮೆಸ್

ಮತ್ತೆ ಬರೆದದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಹಿಂದೆ ಬಂದು ನಿಂತಳು. ಭಾನುವಾರ ನನ್ನ ಆಟ ನೋಡಿ ಬಂದಾಗಿನಿಂದ ಅವಳು ಸರಿಯಾಗಿ ಮಾತನ್ನೇ ಆಡಿರಲಿಲ್ಲ. ‘ಇನೆಸ್‌ಗೆ ಬರೀತಿದ್ದೀಯಾ?’ ಎಂದಳು. ಹೌದೆಂದೆ. ‘ಅಲ್ಲಿ ನೋಡೋಕೆ ಯಾವ ದಿನ ಬಿಡ್ತಾರೆ ಅಂತ ಕೇಳು. ಸುಮ್ನೆ ಕೇಳು, ಅಷ್ಟೇ.’ ಬೇಗ ಉತ್ತರ ಬರಿ ಅಕ್ಕಾ. ಅಮ್ಮ ಕಿಟಕಿಯ ಹತ್ತಿರ ಕೂತು ಆಗಲೇ ತನ್ನ ಕಪ್ಪು ಕೋಟಿಗೆ ಗುಂಡಿ ಹೊಲಿಯುತ್ತಿದ್ದಾಳೆ.